ಬಾಕ್ಸ್ ಹಿಲ್‌ನ ಹನ್ನೊಂದನೆಯ ಕೈ

ವಿರುಪಾಕ್ಷನಿಗೆ ಅಮೆರಿಕದಲ್ಲಿ ಮನೆಯಿರಲಿಲ್ಲ, ನೆಂಟರಿರಲಿಲ್ಲ. ಆ ದೇಶದ ನೆಲವನ್ನು ಅವನು ಮೆಟ್ಟಿದವನೂ ಅಲ್ಲ. ಆದರೂ ನಾಲ್ಕು ವರ್ಷಕ್ಕೊಮ್ಮೆ ಅಲ್ಲಿ ಅಧ್ಯಕ್ಷರ ಚುನಾವಣೆ ಬಂದಿತೆಂದರೆ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿರುವ ಅವನ ಮನೆಯಲ್ಲಿ ರೊಟ್ಟಿ ತಣ್ಣಗಾಗುತ್ತಿತ್ತು. ಅವನು ಫೋನು ಹಿಡಿದು ಹಿತ್ತಲಿಗೆ ಹೋಗಿ, ಸಿಡ್ನಿಯಲ್ಲಿರುವ ಗೆಳೆಯ ಶಶಿಧರನೊಡನೆ ಬೇಲಿಯಾಚೆಯ ಚೀನೀ ಅಜ್ಜಿಗೂ ಕೇಳಿಸುವಂತೆ ಜಗಳವಾಡುತ್ತಿದ್ದನು. ಅಜ್ಜಿಗೆ ಕನ್ನಡ ಬಾರದು. ಆದರೂ ಜಗಳ ಮುಗಿದ ಮೇಲೆ ಅವಳು ಬೇಲಿಯ ಮೇಲಿಂದ ಒಂದು ಕಟ್ಟು ಸೊಪ್ಪನ್ನು ಸಮಾಧಾನಕ್ಕೆಂಬಂತೆ ಕೊಡುತ್ತಿದ್ದಳು.

ಈ ಜಗಳ ಹುಟ್ಟಿದ್ದು ಸಿಡ್ನಿಯಲ್ಲಿ, ಅಲ್ಲಿ ಒಲಿಂಪಿಕ್ಸ್ ನಡೆದ ಎರಡು ಸಾವಿರದ ಇಸವಿಯಲ್ಲಿ. ಹುಬ್ಬಳ್ಳಿಯ ವಿರುಪಾಕ್ಷನೂ ಬೆಳಗಾವಿಯ ಶಶಿಧರನೂ ಆಗ ಓದಲು ಬಂದ ಹುಡುಗರು. ಪೆಂಡಲ್ ಹಿಲ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಯೂನಿಟ್ಟನ್ನು, ಎಂದರೆ ಚಿಕ್ಕ ಫ್ಲ್ಯಾಟನ್ನು, ಹಂಚಿಕೊಂಡಿದ್ದರು. ಮನೆಯಲ್ಲಿದ್ದ ಟಿವಿಗೆ ಹಿಡಿಯುತ್ತಿದ್ದುದು ಎರಡೇ ಚಾನೆಲ್. ಎರಡರಲ್ಲಿಯೂ ಆ ನವೆಂಬರಿನಲ್ಲಿ ಅಮೆರಿಕದ ಒಂದೇ ರಾಜ್ಯದ ಮತಗಳನ್ನು ಮತ್ತೆ ಮತ್ತೆ ಎಣಿಸುವುದನ್ನು ತೋರಿಸುತ್ತಿದ್ದರು. ಕೊನೆಗೆ ದೇಶದಲ್ಲೆಲ್ಲ ಹೆಚ್ಚು ಮತ ಬಿದ್ದವರು ಸೋತರು, ಕಡಿಮೆ ಬಿದ್ದವರು ಗೆದ್ದರು.

"ಇದೆಂಥಾ ಲೆಕ್ಕಲೇ?" ಎಂದು ವಿರುಪಾಕ್ಷ ತಟ್ಟೆಯನ್ನು ಕೆಳಗಿಟ್ಟನು.

ಶಶಿಧರ ತಿಳಿಸಿ ಹೇಳಿದನು. ಅಲ್ಲಿಯ ಜನರು ಅಧ್ಯಕ್ಷರನ್ನು ನೇರವಾಗಿ ಆರಿಸುವುದಿಲ್ಲ. ಪ್ರತಿಯೊಂದು ರಾಜ್ಯಕ್ಕೂ ಇಷ್ಟು ಪ್ರತಿನಿಧಿಗಳೆಂದು ಗೊತ್ತುಮಾಡಿದ್ದಾರೆ. ರಾಜ್ಯದಲ್ಲಿ ಒಂದೇ ಮತದಿಂದ ಮುಂದಾದರೂ ಸರಿ, ಹೆಚ್ಚುಕಡಿಮೆ ಎಲ್ಲ ಕಡೆಯೂ ಅಷ್ಟೂ ಪ್ರತಿನಿಧಿಗಳು ಮುಂದಾದವರಿಗೇ ಸಲ್ಲುತ್ತಾರೆ. ಎಷ್ಟೇ ಚಿಕ್ಕ ರಾಜ್ಯವಾದರೂ ಮೂವರಂತೂ ಉಂಟು. ಇದಕ್ಕೆ ಎಲೆಕ್ಟೋರಲ್ ಕಾಲೇಜು ಎನ್ನುತ್ತಾರೆ.

"ಅದು ರಾಜ್ಯಗಳೆಲ್ಲಾ ಕೂಡಿ ಕಟ್ಟಿದ ದೇಶಲೇ. ಸಣ್ಣ ರಾಜ್ಯಕ್ಕೂ ಒಂದು ಕಿಮ್ಮತ್ತು ಬ್ಯಾಡೇನು? ಬರೇ ತಲಿ ಎಣಿಸಿದ್ರ ನಾಕು ದೊಡ್ಡ ಊರಾಗ ಭಾಷಣಾ ಬಿಗಿದು ಗೆದ್ದಬಿಡ್ತಾರ. ಈ ದೇಶದಾಗರ ನೋಡು, ಟಾಸ್ಮೇನಿಯಾ ಅಂಗೈಯಷ್ಟು ಐತಿ. ಸೆನೆಟ್ಟಿನ್ಯಾಗ ನಮ್ಮ ಸಿಡ್ನಿ ರಾಜ್ಯದಷ್ಟಽ ಸೀಟು" ಎಂದು ಅವನು ಆ ಕ್ರಮದ ಪರ ನಿಂತನು.

"ಈಗರ ಎಲ್ಲಾ ಕಡೆ ಹೋಗ್ತಾರೇನು? ಆ ಕಡೆ ಈ ಕಡೆ ತೂಗಾಡೋ ನಾಕು ಸ್ವಿಂಗ್ ಸ್ಟೇಟಿಗೆ ಹೋಗ್ತಾರ, ಉಳಿದ ಮಂದಿನ್ನ ಹೊಳ್ಳಿ ನೋಡಂಗಿಲ್ಲ. ಒಬ್ಬನ ಮತ ಸೇರು, ಇನ್ನೊಬ್ಬನದು ಪಾವು. ತಕ್ಕಡಿ ಮ್ಯಾಲೆ ಹೆಬ್ಬಟ್ಟು ಇಟ್ಟಂಗಾತು ನೋಡು."

ತಕ್ಕಡಿಯ ಮಾತು ವಿರುಪಾಕ್ಷನ ಬಾಯಿಗೆ ಸುಮ್ಮನೆ ಬಂದುದಲ್ಲ. ಅವನ ತಂದೆ ಅಡಿವೆಪ್ಪನವರು ಹುಬ್ಬಳ್ಳಿಯ ಅರಳೆ ಪೇಟೆಯಲ್ಲಿ ತೂಕ ಮಾಡುವ ಕೆಲಸದಲ್ಲಿದ್ದರು. ತೂಗುವಾಗ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ತಕ್ಕಡಿಗೆ ಕೈ ತಗಲಲಿಲ್ಲವೆಂಬುದು ಕೊಳ್ಳುವವನಿಗೂ ಮಾರುವವನಿಗೂ ಕಾಣಬೇಕೆಂಬುದು ಅವರ ರೂಢಿ. ಮನೆಯಲ್ಲಿ ಮಕ್ಕಳಿಗೆ ಬಾಳೆಹಣ್ಣು ಹಂಚಿಸುವಾಗಲೂ ಹಾಗೆಯೇ ನಿಲ್ಲುತ್ತಿದ್ದರೆಂದು ವಿರುಪಾಕ್ಷ ನಗುತ್ತ ನೆನೆಯುತ್ತಿದ್ದನು.

ಓದು ಮುಗಿಯಿತು, ಇಲ್ಲಿಯೇ ಕಾಯಂ ನೆಲೆಸಲು ಪಿಆರ್ ಸಿಕ್ಕಿತು. ವಿರುಪಾಕ್ಷನಿಗೆ ಮೆಲ್ಬರ್ನಿನಲ್ಲಿ ಟ್ರಾಮುಗಳ ವೇಳೆ ಗೊತ್ತುಮಾಡುವ ಕಚೇರಿಯಲ್ಲಿ ಕೆಲಸವಾಯಿತು. ಧಾರವಾಡದ ಆರತಿಯನ್ನು ಮದುವೆಯಾಗಿ ಬಾಕ್ಸ್ ಹಿಲ್‌ನಲ್ಲಿ ಮನೆ ಹಿಡಿದನು. ಮಗಳು ನಿಖಿತಾ ಹುಟ್ಟಿದಳು. ಶಶಿಧರ ಸಿಡ್ನಿಯಲ್ಲಿಯೇ ಉಳಿದನು. ಎರಡೂ ಊರುಗಳಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಮನೆಗಳು ಹೆಚ್ಚಿದಾಗ ಎಲ್ಲರೂ ಕೂಡಿ 'ಮಲಪ್ರಭಾ ಬಳಗ'ವೆಂದು ಒಂದು ಸಂಘವನ್ನು ಕಟ್ಟಿದರು.

ಬಳಗದ ನಿಯಮಗಳನ್ನು ಬರೆಯುವ ಕೆಲಸ ಶಶಿಧರನ ಪಾಲಿಗೆ ಬಂದಿತು. ಸಿಡ್ನಿಯ ಮನೆಗಳು ಬಹಳ, ಮೆಲ್ಬರ್ನಿನವು ಕಡಿಮೆ. "ತಲಿ ಎಣಿಸಿದ್ರ ನಮ್ಮನ್ನ ಯಾರ್ ಕೇಳ್ತಾರ್ರೀ?" ಎಂದು ಮೆಲ್ಬರ್ನಿನವರು ಗೊಣಗಿದರು. ಶಶಿಧರ ಸಂತೋಷದಿಂದ ಅಮೆರಿಕದ ಕ್ರಮವನ್ನೇ ಇಳಿಸಿದನು. ಬಳಗಕ್ಕೆ ಆರು ಶಾಖೆಗಳು: ಸಿಡ್ನಿಯಲ್ಲಿ ಪೆಂಡಲ್ ಹಿಲ್, ಮಾರ್ಸ್ಡನ್ ಪಾರ್ಕ್ ಎಂಬ ಎರಡು ದೊಡ್ಡವು, ಮೆಲ್ಬರ್ನಿನಲ್ಲಿ ಬಾಕ್ಸ್ ಹಿಲ್ ಮೊದಲಾದ ನಾಲ್ಕು ಚಿಕ್ಕವು. ಮನೆಗಳ ಸಂಖ್ಯೆಗೆ ತಕ್ಕಷ್ಟು ಪ್ರತಿನಿಧಿಗಳು, ಮೇಲೆ ಪ್ರತಿ ಶಾಖೆಗೂ ಇಬ್ಬರು ಹೆಚ್ಚಿಗೆ. ಬಳಗದ ಅಧ್ಯಕ್ಷರ ಚುನಾವಣೆಗೆ ನಿಂತವರಲ್ಲಿ ಶಾಖೆಯಲ್ಲಿ ಯಾರು ಮುಂದಾದರೋ ಆ ಶಾಖೆಯ ಎಲ್ಲ ಪ್ರತಿನಿಧಿಗಳೂ ಅವರಿಗೆ ಕೈ ಎತ್ತಬೇಕು. ವಿರುಪಾಕ್ಷ ಇದನ್ನು ಓದಿ ಮೂಗು ಮುರಿದನು. ಆದರೆ ಆ ಹೆಚ್ಚಿನ ಇಬ್ಬರು ತನ್ನ ಬಾಕ್ಸ್ ಹಿಲ್‌ಗೂ ಬರುತ್ತಿದ್ದುದರಿಂದ ಬಾಯಿ ಬಿಡಲಿಲ್ಲ.

ನಿಯಮದಲ್ಲಿ ಇಲ್ಲದ ಒಂದು ರೂಢಿಯೂ ಬೆಳೆಯಿತು. ಮೊದಲನೆಯ ಚುನಾವಣೆಯಲ್ಲಿ ನಿಂತಿದ್ದ ಹಿರಿಯರಾದ ಚನ್ನಬಸಯ್ಯನವರು ತಮ್ಮ ಶಾಖೆಯ ಪ್ರತಿನಿಧಿಯೂ ಆಗಿದ್ದರು. ತಮ್ಮ ಹೆಸರನ್ನು ಕರೆದಾಗ ಅವರು ಕೈಯನ್ನೇ ಎತ್ತಲಿಲ್ಲ; ಎದುರಾಳಿಯ ಹೆಸರು ಬಂದಾಗ ಎತ್ತಿದರು. "ನನ್ನ ಹೆಸರಿಗೆ ನಾನಽ ಕೈ ಎತ್ತಲ್ಯಾ? ಪಂಕ್ತಿಯೊಳಗ ನನ್ನ ಎಲಿಗೆ ನಾನಽ ಹೋಳಗಿ ಬಡಿಸಿಕೊಂಡಂಗ ಕಾಣತೈತಿ" ಎಂದರು. ಎದುರಾಳಿಯೂ ನಾಚಿ ತನ್ನ ಕೈಯನ್ನು ಅವರ ಲೆಕ್ಕಕ್ಕೇ ಬರೆಸಿದನು. ಒಂದಕ್ಕೊಂದು ಸರಿಹೋಗಿ ಲೆಕ್ಕ ಕೆಡಲಿಲ್ಲ. ಅಂದಿನಿಂದ ನಿಂತವರು ಪರಸ್ಪರರಿಗೆ ಕೈ ಎತ್ತುವುದು ಬಳಗದ ಮರ್ಯಾದೆಯಾಯಿತು. ಗೆಲುವು ಯಾವಾಗಲೂ ದೊಡ್ಡ ಅಂತರದ್ದಾಗಿರುತ್ತಿದ್ದುದರಿಂದ ಅದರ ಬಗ್ಗೆ ಯಾರೂ ಯೋಚಿಸಲಿಲ್ಲ.

ವಿರುಪಾಕ್ಷನಿಗೆ ಪದವಿಯ ಆಸೆಯಿರಲಿಲ್ಲ. ಅವನು ಈ ಸಲ ಬಳಗದ ಅಧ್ಯಕ್ಷರ ಚುನಾವಣೆಗೆ ನಿಂತುದು ಆರತಿಯ ಶನಿವಾರದ ಶಾಲೆಗಾಗಿ.

ಆರತಿ ಹನ್ನೆರಡು ವರ್ಷಗಳಿಂದ ಬಾಕ್ಸ್ ಹಿಲ್‌ನ ಒಂದು ಸಮುದಾಯ ಭವನದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಭವನದ ರೆಂಟನ್ನು ಬಳಗವೇ ಕೊಡುತ್ತಿತ್ತು. ಮಕ್ಕಳು ಒಂಬತ್ತೋ ಹತ್ತೋ. ಅವಳು ಕನ್ನಡದಲ್ಲಿ ಕೇಳಿದರೆ ಅವರು ಇಂಗ್ಲಿಷಿನಲ್ಲಿ ಉತ್ತರಿಸುವರು. ಆದರೂ ಅಜ್ಜಿಯರೊಡನೆ ಫೋನಿನಲ್ಲಿ ನಾಲ್ಕು ಮಾತನ್ನಾದರೂ ಆಡಬಲ್ಲ ಮಕ್ಕಳು ಆ ಕೋಣೆಯಿಂದಲೇ ಹೊರಬಂದಿದ್ದರು. ಈ ಸಲ ಸಿಡ್ನಿಯಿಂದ ನಿಂತವಳು ಮಾರ್ಸ್ಡನ್ ಪಾರ್ಕಿನ ಶ್ರೀದೇವಿ, ಶಶಿಧರನ ತಮ್ಮನ ಹೆಂಡತಿ. ಬುದ್ಧಿವಂತೆ, ಕೆಲಸಗಾತಿ. ಎಲ್ಲ ಶಾಖೆಗಳ ಮಕ್ಕಳನ್ನೂ ಒಂದೇ ಆನ್‌ಲೈನ್ ತರಗತಿಗೆ ಸೇರಿಸಿ, ಧಾರವಾಡದಿಂದ ತರಬೇತಾದ ಶಿಕ್ಷಕಿಯೊಬ್ಬಳನ್ನು ಗೊತ್ತುಮಾಡಿ, ಭವನದ ರೆಂಟನ್ನು ನಿಲ್ಲಿಸುವುದಾಗಿ ಅವಳು ಮುಚ್ಚುಮರೆಯಿಲ್ಲದೆ ಹೇಳಿದ್ದಳು.

"ಕೆಟ್ಟ ವಿಚಾರ ಅಲ್ಲರೀ ಅದು" ಎಂದು ಆರತಿಯೇ ಒಪ್ಪಿದ್ದಳು. "ಆದ್ರ ನನ್ನ ಹುಡುಗ್ರು ಸ್ಕ್ರೀನ್ ಮುಂದ ಕುಂತ್ರ ಕಲಿಯಂಗಿಲ್ಲ. ಮ್ಯೂಟ್ ಮಾಡಿ ಗೇಮ್ ಆಡ್ತಾವ. ನಂಗ ಗೊತ್ತೈತಿ."

ಅಕ್ಟೋಬರಿನ ಒಂದು ಭಾನುವಾರ ಎಲ್ಲ ಶಾಖೆಗಳಲ್ಲಿಯೂ ಮತದಾನ ನಡೆಯಿತು. ಈ ದೇಶದ ಚುನಾವಣೆಯ ದಿನ ಮತಗಟ್ಟೆಯ ಮುಂದೆ ಸಾಸೇಜು ಸುಡುತ್ತಾರೆ. ಬಳಗದವರು ಮಿರ್ಚಿ ಕರಿದರು, ಮಂಡಕ್ಕಿಯ ಗಿರ್ಮಿಟ್ ಕಲಸಿದರು. ಸಂಜೆಗೆ ಲೆಕ್ಕ ಬಂದಿತು. ಎಲ್ಲ ಮನೆಗಳ ಮತಗಳನ್ನು ಕೂಡಿಸಿದರೆ ಶ್ರೀದೇವಿಗೆ ನಲವತ್ತು ಹೆಚ್ಚು. ಆದರೆ ಮೆಲ್ಬರ್ನಿನ ನಾಲ್ಕೂ ಚಿಕ್ಕ ಶಾಖೆಗಳಲ್ಲಿ ವಿರುಪಾಕ್ಷ ಮುಂದಾಗಿದ್ದನು. ಬಾಕ್ಸ್ ಹಿಲ್‌ನ ಪ್ರತಿನಿಧಿಯಾಗಿದ್ದ ಅವನನ್ನೂ ಸೇರಿಸಿ ಪ್ರತಿನಿಧಿಗಳು ಅವನಿಗೆ ಹನ್ನೊಂದು, ಅವಳಿಗೆ ಹತ್ತು.

ಫೋನು ಕೂಡಲೇ ಬಂದಿತು.

"ಕಂಗ್ರಾಟ್ಸ್‌ರೀ ಅಧ್ಯಕ್ಷರ! ಹೆಬ್ಬಟ್ಟು ಹೆಂಗೈತಿ?" ಎಂದನು ಶಶಿಧರ. "ಕಾಲೇಜು ಬ್ಯಾಡ, ತಲಿ ಎಣಿಸ್ರಿ ಅಂತ ಎರಡು ಸಾವಿರದ ಹದಿನಾರರಾಗ ಅಲ್ಲಿ ಮತ್ತ ಹಿಂಗಽ ಆದಾಗ ನನ್ನ ತಲಿ ತಿಂದಿದ್ದಿ. ಈಗ ಏನಂತಿ?"

"ನಿನ್ನ ನಾದಿನಿನಽ ಸೋತಾಳಲ್ಲೋ ನಿನ್ನ ನಿಯಮದಾಗ. ನಿಂಗೇನ್ ಖುಷಿ?"

"ನಾದಿನಿ ನಾದಿನಿ, ನಿಯಮ ನಿಯಮ. ಮುಂದಿನ ಶನಿವಾರ ಪೆಂಡಲ್ ಹಿಲ್‌ಗೆ ಬಾ, ಕೈ ಎತ್ತೋಣು, ಊಟಾ ಮಾಡೋಣು."

ವಿರುಪಾಕ್ಷ ನಕ್ಕನು. ಆದರೆ ಆ ವಾರವೆಲ್ಲ ಅವನಿಗೆ ಊಟ ರುಚಿಸಲಿಲ್ಲ. ನಲವತ್ತು ಮನೆಗಳೆಂದರೆ ಕಡಿಮೆಯಲ್ಲ. ಶುಕ್ರವಾರ ಸಂಜೆ ಅವನು ಚೀಲ ತುಂಬುತ್ತಿದ್ದಾಗ ಆರತಿ ಬಾಗಿಲಲ್ಲಿ ಬಂದು ನಿಂತಳು.

"ಶ್ರೀದೇವಿ ತನ್ನ ಪ್ರತಿನಿಧಿ ಜಾಗಾ ಚನ್ನಬಸಯ್ಯ ಅಂಕಲ್‌ಗೆ ಬಿಟ್ಟುಕೊಟ್ಟಾಳಂತ. ಇನ್ನೊಮ್ಮೆ ಕೈ ಎತ್ತಬೇಕು ಅಂತ ಅವರಿಗೆ ಆಸೆ ಇತ್ತಂತ."

"ಚೊಲೋ ಮಾಡ್ಯಾಳ."

"ಚೊಲೋ ಖರೆ. ಈಗ ವಿಚಾರ ಮಾಡ್ರಿ. ನಿಮಗ ಕೈ ಎತ್ತಾಕ ಅಕಿಗೆ ಈಗ ಹಕ್ಕಿಲ್ಲ. ನೀವು ಹಳೇ ರೂಢಿ ಅಂತ ಅಕಿಗೆ ಕೈ ಎತ್ತಿದ್ರ ಏನಾಗ್ತೈತಿ?"

ವಿರುಪಾಕ್ಷ ಮಡಚುತ್ತಿದ್ದ ಅಂಗಿಯನ್ನು ಹಾಸಿಗೆಯ ಮೇಲೆ ಬಿಟ್ಟನು. ತನಗೆ ಹತ್ತು, ಅವಳಿಗೆ ಹನ್ನೊಂದು; ಲೆಕ್ಕ ತಿರುಗುಮುರುಗಾಗುತ್ತಿತ್ತು. ಇಡೀ ಬಳಗದಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ.

ಸೋಫಾದಲ್ಲಿ ಕಾಲು ಚಾಚಿ ಕುಳಿತಿದ್ದ ನಿಖಿತಾ ಕಿಸಕ್ಕನೆ ನಕ್ಕಳು. "ಅಪ್ಪಾ, ಯು ಆರ್ ದ ಸ್ವಿಂಗ್ ಸ್ಟೇಟ್!"

"ಸುಮ್ಮಕಿರು ನೀನು" ಎಂದಳು ಆರತಿ. ಆಮೇಲೆ ಗಂಡನ ಕಡೆ ತಿರುಗಿ, "ಈ ಸಲ ಮರ್ಯಾದಿ ಮನ್ಯಾಗ ಬಿಟ್ಟು ಹೋಗ್ರಿ. ನಿಮ್ಮ ಹೆಸರಿಗೆ ನೀವಽ ಕೈ ಎತ್ರಿ. ಯಾರರ ನಕ್ಕ್ರ ನಗಲಿ. ಸಿಡ್ನಿಯವರು ನೂರು ಮಂದಿ ಇದ್ದಾರಂತ ನನ್ನ ಹತ್ತು ಹುಡುಗ್ರ ಕ್ಲಾಸು ಮುಚ್ಚೋದು ನ್ಯಾಯ ಏನು? ಸಣ್ಣವರಿಗೂ ಒಂದು ಕಿಮ್ಮತ್ತು ಬೇಕು ಅಂತ ಶಶಿಧರ ಅಣ್ಣ ಹೇಳೋದು ಇದಕಽ ಅಲ್ಲೇನು?" ಎಂದಳು.

"ನೋಡೋಣು" ಎಂದನು ವಿರುಪಾಕ್ಷ.

ಮದುವೆಯಾದಂದಿನಿಂದ ಆ ಮಾತನ್ನು ಕೇಳಿದ್ದ ಆರತಿಗೆ ಅದು ಒಪ್ಪಿಗೆಯ ಮಾತಲ್ಲವೆಂಬುದು ಗೊತ್ತಿತ್ತು. ಅವಳು ಶೇಂಗಾ ಚಟ್ನಿಯ ಡಬ್ಬಿಯನ್ನು ಅವನ ಚೀಲದಲ್ಲಿ ಇಟ್ಟಳು.

ಮರುದಿನ ಬೆಳಿಗ್ಗೆ ವಿಮಾನದಲ್ಲಿ ಅವನು ತೀರ್ಮಾನಿಸಿಬಿಟ್ಟನು. ತನಗೆ ತಾನೇ ಕೈ ಎತ್ತುವುದೇ ಸರಿ. ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು. ತಲೆ ಎಣಿಸುವ ನಿಯಮವಿದ್ದಿದ್ದರೆ ತಾನೂ ಸಿಡ್ನಿಯ ಮನೆಮನೆಗೆ ಹೋಗುತ್ತಿದ್ದನು, ಅವಳೂ ಮೆಲ್ಬರ್ನಿಗೆ ಬರುತ್ತಿದ್ದಳು; ಆಗ ಆ ನಲವತ್ತು ಎಷ್ಟಾಗುತ್ತಿತ್ತೋ ಬಲ್ಲವರಾರು? ಇದು ಶಶಿಧರನ ಹಳೆಯ ವಾದವೆಂಬುದು ಆಮೇಲೆ ನೆನಪಾಗಿ ಅವನಿಗೆ ಕಿಟಕಿಯ ಹೊರಗೆ ನೋಡಬೇಕೆನಿಸಿತು.

ಸಭೆ ಸೇರಿದ್ದು ಪೆಂಡಲ್ ಹಿಲ್‌ನಲ್ಲಿ, ಕಿರಾಣಿ ಅಂಗಡಿಗಳ ಸಾಲಿನ ಹಿಂದಿರುವ ಹೋಟೆಲಿನ ಮಹಡಿಯ ಕೋಣೆಯಲ್ಲಿ. ಕೆಳಗಿನಿಂದ ಒಗ್ಗರಣೆಯ ವಾಸನೆ ಮೇಲೇರುತ್ತಿತ್ತು. ಚನ್ನಬಸಯ್ಯನವರು ಎಂಬತ್ತು ದಾಟಿದ್ದರೂ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಶ್ರೀದೇವಿ ಪ್ರತಿನಿಧಿಯಲ್ಲವಾದುದರಿಂದ ಗೋಡೆಯ ಬಳಿ ನಿಂತಿದ್ದಳು. ವಿರುಪಾಕ್ಷನನ್ನು ಕಂಡು, "ಕಂಗ್ರಾಚುಲೇಷನ್ಸ್ ಅಂಕಲ್. ಬೇಜಾರೇನಿಲ್ಲ. ರೂಲ್ ಇರೋದೇ ಹಾಗೆ" ಎಂದು ಮನಸಾರೆ ನಕ್ಕಳು. ಬೆಂಗಳೂರಿನಲ್ಲಿ ಬೆಳೆದವಳಾದುದರಿಂದ ಅವಳ ಮಾತಿನ ಧಾಟಿಯೇ ಬೇರೆ.

ಚುನಾವಣೆ ನಡೆಸುತ್ತಿದ್ದ ಶಶಿಧರ ಎದ್ದು, "ವಿರುಪಾಕ್ಷ ಅವರಿಗೆ ಕೈ ಎತ್ತುವವರು ಎತ್ತಬೇಕು" ಎಂದು ಸಭೆಯ ಧ್ವನಿಯಲ್ಲಿ ಹೇಳಿದನು.

ಮೆಲ್ಬರ್ನಿನಿಂದ ಬಂದ ಉಳಿದವರೆಲ್ಲ ಕೈ ಎತ್ತಿದರು. ವಿರುಪಾಕ್ಷನ ಬಲಗೈ ತೊಡೆಯ ಮೇಲಿತ್ತು. ಅದನ್ನು ಎತ್ತಲು ಅವನು ನಿಜವಾಗಿಯೂ ಮನಸ್ಸು ಮಾಡಿದ್ದನು. ಅಷ್ಟರಲ್ಲಿ ಚನ್ನಬಸಯ್ಯನವರು ಅವನ ಕಡೆ ತಿರುಗಿ, ನಿನಗೇಕೆ ಈಗ ಅವಸರ ಎನ್ನುವಂತೆ ಮುಗುಳ್ನಕ್ಕರು. ಅವನು ಆ ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿದನು. ಇನ್ನೊಂದು ಕೈಯೂ ಅದನ್ನು ಹಿಂಬಾಲಿಸಿತು. ಬಾಳೆಹಣ್ಣು ಹಂಚಿಸುವ ತಂದೆಯಂತೆ ತಾನು ಕುಳಿತಿರುವುದು ಅವನಿಗೆ ಅರೆಗಳಿಗೆಯ ಮೇಲೆ ಗೊತ್ತಾಯಿತು.

"ಹತ್ತು" ಎಂದನು ಶಶಿಧರ. "ಇನ್ನು ಶ್ರೀದೇವಿ ಅವರಿಗೆ."

ಸಿಡ್ನಿಯ ಹತ್ತು ಕೈಗಳು ಮೇಲಕ್ಕೆ ಹೋದುವು. ಚನ್ನಬಸಯ್ಯನವರ ಕೈ ಎಲ್ಲರದಕ್ಕಿಂತ ನೆಟ್ಟಗಿತ್ತು. ಆಮೇಲೆ ವಿರುಪಾಕ್ಷ ತನ್ನ ಕೈಯನ್ನು ಎತ್ತಿದನು.

ಶಶಿಧರ ಒಮ್ಮೆ ಎಣಿಸಿದನು, ಇನ್ನೊಮ್ಮೆ ಎಣಿಸಿದನು. ಅವನ ಮುಖದ ಬಣ್ಣ ಬದಲಾಯಿತು.

"ಲೇ ವಿರುಪಾಕ್ಷ, ಕೈ ಇಳಿಸು. ರೂಢಿ ಸಂಬಂಧ ಎತ್ತಿದಿ ಏನು? ಅದನ್ನ ಬಿಟ್ಟು ಎಣಿಸ್ತೀನಿ."

"ಎತ್ತಿದ್ದು ಎತ್ತಿದ್ದಽ. ಎಣಿಸು."

"ಹನ್ನೊಂದಾಗ್ತೈತಲೇ!"

"ನಂಗೂ ಎಣಿಸಾಕ ಬರ್ತೈತಿ."

ಕೋಣೆಯಲ್ಲಿ ಗದ್ದಲವೆದ್ದಿತು. ಶ್ರೀದೇವಿ ಗೋಡೆಯಿಂದ ಮುಂದೆ ಬಂದು, "ಅಂಕಲ್, ಹೀಗೆ ಬೇಡ. ನೀವು ಗೆದ್ದಿದ್ರಿ" ಎಂದಳು. ವಿರುಪಾಕ್ಷ, "ನಲವತ್ತು ಮನಿ ನಿನ್ನ ಕಡೆ ಅದಾವವ್ವಾ" ಎಂದಷ್ಟೇ ಹೇಳಿದನು.

ಎಲ್ಲರಿಗಿಂತ ಹೆಚ್ಚು ಸಿಟ್ಟಾದವನು ಶಶಿಧರ. ನಾದಿನಿ ಗೆದ್ದಿದ್ದರೂ ಅವನು ಗೆಳೆಯನನ್ನು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದನು. "ದೊಡ್ಡ ಧರ್ಮರಾಯ ಆಗಬ್ಯಾಡ. ನೀ ಇಲ್ಲಿಗೆ ಬಂದಿದ್ದು ನಿನ್ನ ಕೈ ತಗೊಂಡಲ್ಲ, ಬಾಕ್ಸ್ ಹಿಲ್ ಮಂದಿ ಕೈ ತಗೊಂಡು ಬಂದಿದ್ದಿ. ಅವರು ಯಾರಿಗೆ ಎತ್ತು ಅಂದಿದ್ರು? ನಿಂಗಽ ಎತ್ತು ಅಂದಿದ್ರು. ಅಮೆರಿಕದಾಗೂ ಹಿಂಗ ಕೈ ತಿರುವೋ ಪ್ರತಿನಿಧಿಗೆ ಮೋಸಗಾರ ಅಂತಾರ. ನೀ ತಕ್ಕಡಿ ನೆಟ್ಟಗ ಮಾಡೀನಿ ಅಂತಿ. ಮಾಡಿದ್ದೂ ಹೆಬ್ಬಟ್ಟಿಲೇ ಅಲ್ಲೇನು?"

ವಿರುಪಾಕ್ಷ ಊಟದ ಸಾಲಿಗೆ ಹೋಗಿ ಕುಳಿತನು. ಬಾಕ್ಸ್ ಹಿಲ್‌ನ ಇನ್ನೊಬ್ಬ ಪ್ರತಿನಿಧಿ ಈರಯ್ಯನ ಇಬ್ಬರು ಮಕ್ಕಳೂ ಆರತಿಯ ಶಾಲೆಗೆ ಬರುವವರು. ಅವನು ಪಕ್ಕದ ಕುರ್ಚಿಯನ್ನು ಬಿಟ್ಟು ಆಚೆ ಕುಳಿತು ಊಟ ಮಾಡಿದನು. ಹೊರಡುವಾಗ, "ನಾವು ನಿಮ್ಮನ್ನ ಕಳಿಸಿದ್ದು ಇದಕಲ್ರೀ ಸರ್" ಎಂದು ಹೇಳಿ ಹೋದನು.

ಮನೆಗೆ ಬಂದಾಗ ಆರತಿಗೆ ಸುದ್ದಿ ಮುಟ್ಟಿತ್ತು. ಅವಳು ಕೂಗಾಡಲಿಲ್ಲ. ಚೀಲದಿಂದ ಚಟ್ನಿಯ ಡಬ್ಬಿಯನ್ನು ತೆಗೆದು ನೋಡಿದಳು. ಅದು ತುಂಬಿದ್ದುದು ತುಂಬಿದಂತೆಯೇ ಇತ್ತು.

"ನಿಮ್ಮ ಮಾತು ನೀವು ಉಳಿಸಿಕೊಂಡ್ರಿ. ನನ್ನ ಕ್ಲಾಸ್ ಕೊಟ್ಟು ಉಳಿಸಿಕೊಂಡ್ರಿ" ಎಂದಳು.

"ಹೌದು" ಎಂದನು ಅವನು. "ನಿನ್ನ ಕೇಳಿ ಮಾಡಬೇಕಿತ್ತು."

"ಕೇಳಿದ್ರ ಬ್ಯಾಡ ಅಂತಿದ್ದೆ. ಅದಕಽ ಕೇಳಲಿಲ್ಲ ನೀವು."

ಅದು ನಿಜವಾಗಿತ್ತು.

ಶ್ರೀದೇವಿ ಹೇಳಿದಂತೆಯೇ ಮಾಡಿದಳು. ಗೆದ್ದವಳು ಹೇಳಿದುದನ್ನು ಮಾಡುವುದು ತಪ್ಪೂ ಅಲ್ಲ. ತಿಂಗಳ ಕೊನೆಗೆ ಭವನದ ರೆಂಟು ನಿಂತಿತು, ಆನ್‌ಲೈನ್ ತರಗತಿ ಮೊದಲಾಯಿತು. ಭವನದಲ್ಲಿದ್ದ ಹಲಗೆ, ಚಾಪೆ, ಕಿರುಬೆಂಚುಗಳನ್ನು ಆರತಿ ಆಂಟಿಯ ಮನೆಗೇ ಕಳುಹಿಸಬೇಕೆಂದು ಮಾತ್ರ ಅವಳು ಬರೆದಳು.

ಅವು ಬಂದ ದಿನ ವಿರುಪಾಕ್ಷ ಕಾರನ್ನು ಬೀದಿಯಲ್ಲಿ ನಿಲ್ಲಿಸಿ ಗರಾಜನ್ನು ಖಾಲಿಮಾಡತೊಡಗಿದನು. ಹಳೆಯ ಟಯರು, ನಿಖಿತಾಳ ಚಿಕ್ಕ ಸೈಕಲ್ಲು, ಎಂದೋ ಕೊಂಡ ಟೆಂಟು ಎಲ್ಲವೂ ಹೊರಬಿದ್ದುವು. ಗೋಡೆಗೆ ಬಿಳಿ ಬಣ್ಣ ಹೊಡೆದನು. ಆರತಿ ಎರಡು ದಿನ ಇದನ್ನೆಲ್ಲ ಅಡಿಗೆಮನೆಯ ಕಿಟಕಿಯಿಂದ ನೋಡಿದಳು. ಮೂರನೆಯ ದಿನ ಬಂದು, "ಹಲಗಿ ಆ ಕಡೆ ಹಾಕ್ರಿ. ಅಲ್ಲಿ ಬಿಸಿಲು ಹೊಳೀತೈತಿ" ಎಂದಳು.

ನವೆಂಬರಿನಲ್ಲಿ ಅಮೆರಿಕದ ಚುನಾವಣೆ ಮುಗಿಯಿತು. ಆ ಸಲ ತಲೆಗಳ ಎಣಿಕೆಯೂ ಪ್ರತಿನಿಧಿಗಳ ಎಣಿಕೆಯೂ ಒಂದೇ ಕಡೆಗೆ ಬಿದ್ದುದರಿಂದ ಜಗಳಕ್ಕೆ ಆಸ್ಪದವಿರಲಿಲ್ಲ. ಆದರೂ ಶಶಿಧರ ಫೋನು ಮಾಡಿದನು.

"ಈ ಸಲ ಏನಂತಿಪ್ಪಾ ಮೋಸಗಾರ?"

"ಕಾಲೇಜು ಬ್ಯಾಡ ಅನ್ನೋದು ಬ್ಯಾಡಽ. ಆದ್ರ ನೀ ಮೆಟ್ಟಿಲ ಹತ್ರ ಹೇಳಿದ್ದೂ ಖರೆ ಐತಿ. ಒಂದು ನಿಯಮ ಸರಿ ಇಲ್ಲಂದ್ರ ಅದನ್ನ ಸಭಾದಾಗ ನಿಂತು ತಿದ್ದಬೇಕು. ಕದ್ದು ಕೈ ತಿರುವಬಾರದು."

"ಹಂಗಂದ್ರ ತಿದ್ದುಪಡಿ ತರ್ತಿ?"

"ತರ್ತೀನಿ, ನೋಡು."

"ತಾ. ಮೆಲ್ಬರ್ನಿನ ನಾಕೂ ಶಾಖೆ ಬ್ಯಾಡ ಅಂತಾವ. ನಿನ್ನ ಹೆಂಡ್ತಿನಽ ಮೊದಲು ಬ್ಯಾಡ ಅಂತಾಳ" ಎಂದು ಶಶಿಧರ ನಕ್ಕನು. ಬೇಲಿಯಾಚೆ ಅಜ್ಜಿ ಸೊಪ್ಪನ್ನು ಹಿಡಿದು ನಿಂತಿದ್ದಳು. ಇಷ್ಟು ಬೇಗ ಜಗಳ ಮುಗಿದುದನ್ನು ಕಂಡು ಅವಳಿಗೇ ಆಶ್ಚರ್ಯವಾದಂತಿತ್ತು.

ಮುಂದಿನ ಶನಿವಾರ ಗರಾಜಿನ ಶಾಲೆ ತೆರೆಯಿತು. ಒಂಬತ್ತು ಮಕ್ಕಳು ಬಂದರು. ಈರಯ್ಯನೂ ತನ್ನ ಇಬ್ಬರನ್ನು ಕರೆತಂದು ಬಿಟ್ಟನು. ವಿರುಪಾಕ್ಷನಿಗೆ ಬರಿಯ ತಲೆಯಾಡಿಸಿ ಹೋದನು, ಆದರೆ ಬಿಟ್ಟು ಹೋದನು. ಮುಂದಿನ ಬೆಂಚಿನಲ್ಲಿ ಇಬ್ಬರು, ನಡುವೆ ಇಬ್ಬರು, ಹಿಂದೆ ಚಾಪೆಯ ಮೇಲೆ ಐವರು ಕುಳಿತರು. ವಿರುಪಾಕ್ಷ ಗಿರ್ಮಿಟ್ ಕಲಸಿ ತಟ್ಟೆಯನ್ನು ಹಿಡಿದು ಬಾಗಿಲಲ್ಲಿ ನಿಂತನು.

"ಮೊದಲ ಗಿರ್ಮಿಟ್ಟೋ, ಮೊದಲ ಕಾಗುಣಿತಾನೋ?" ಎಂದು ಆರತಿ ಕೇಳಿದಳು. "ಕೈ ಎತ್ರಿ."

ಚಾಪೆಯ ಐವರೂ ಗಿರ್ಮಿಟ್ಟಿಗೆ ಕೈ ಎತ್ತಿದರು. ಬೆಂಚುಗಳ ಮೇಲಿದ್ದ ನಾಲ್ವರು ಜಾಣ ಮಕ್ಕಳು ಕಾಗುಣಿತಕ್ಕೆ ಎತ್ತಿದರು.

"ಸಾಲಿಗೊಂದು ಮತ" ಎಂದಳು ಆರತಿ, ಗಂಡನ ಕಡೆ ಓರೆಗಣ್ಣಿನಿಂದ ನೋಡುತ್ತ. "ಎರಡು ಸಾಲು ಕಾಗುಣಿತ, ಒಂದು ಸಾಲು ಗಿರ್ಮಿಟ್. ಕಾಗುಣಿತ ಗೆದ್ದತು."

"ದಟ್ಸ್ ನಾಟ್ ಫೇರ್, ಆಂಟಿ! ವಿ ಆರ್ ಫೈವ್!" ಎಂದು ಚಾಪೆಯೆಲ್ಲ ಕೂಗಿತು.

"ಅಂಕಲ್‌ನ ಕೇಳ್ರಿ. ಈ ವಿಷಯದಾಗ ಅವರು ಭಾಳ ಶ್ಯಾಣ್ಯಾರು."

ಒಂಬತ್ತು ಮುಖಗಳೂ ಅವನ ಕಡೆ ತಿರುಗಿದುವು. ವಿರುಪಾಕ್ಷ ಮಕ್ಕಳನ್ನು ನೋಡಿದನು, ಹೆಂಡತಿಯನ್ನು ನೋಡಿದನು, ಆಮೇಲೆ ಕೈಯಲ್ಲಿದ್ದ ತಟ್ಟೆಯನ್ನು ನೋಡಿದನು.

"ಸಾಲು ಎಣಿಸ್ರಿ, ತಲಿ ಎಣಿಸ್ರಿ, ನಾ ನಡಕ ಬರಂಗಿಲ್ಲ" ಎಂದನು. "ಆದ್ರ ಕಲಸಿ ಇಟ್ಟ ಮಂಡಕ್ಕಿ ಯಾರ ಲೆಕ್ಕಕ್ಕೂ ಕಾಯಂಗಿಲ್ಲ. ಮೆತ್ತಗಾಗ್ತೈತಿ."

ಆರತಿ ಹಲಗೆಯ ಕಡೆ ತಿರುಗಿ ನಗುವನ್ನು ಅಡಗಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಸೀಮೆಸುಣ್ಣದ ಕಡ್ಡಿಯನ್ನು ಕೆಳಗಿಟ್ಟು ಅವಳೇ ಬಂದು ಅವನ ಕೈಯಿಂದ ತಟ್ಟೆಯನ್ನು ತೆಗೆದುಕೊಂಡಳು.